ಮಲಗಿದ ಚಂದ್ರ

೧೫ ಜನವರಿ ೧೯೯೬, ಸೋಮವಾರ

ಇದು ಕಂಪನಿ ಡೈರಿ. ಗಿರಿ ಪ್ರತಿ ವರ್ಷ ಆಫೀಸಿಂದ ಒಂದು ತರುತ್ತಾರೆ, ಪ್ರತಿ ವರ್ಷ ಗಾನವಿ ಅದರಲ್ಲಿ ಗೊಂಬೆ ಬರೆದು ಮುಗಿಸುತ್ತಾಳೆ. ಈ ಸಲ ನಾನೇ ಬೀರುವಿಗೆ ಸೇರಿಸಿಬಿಟ್ಟೆ. ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಕಂಪನಿ ಹೆಸರು, ಅದರ ಕೆಳಗೆ ಪಿ.ಒ. ಬಾಕ್ಸ್ ನಂಬರು. ಒಳಪುಟದಲ್ಲಿ ಹೆಸರಿಗೆ ಬಿಟ್ಟ ಗೆರೆಯ ಮೇಲೆ ‘ಎಂ. ವಿಜಯಮ್ಮ, ಬಿ.ಎಸ್ಸಿ., ಬಿ.ಎಡ್.’ ಅಂತ ಬರೆದೆ. ಅಜ್ಜಿಯ ಹೆಸರು, ನನ್ನ ವಯಸ್ಸಿಗೆ ಹಳೆಯದು, ಆದರೂ ನನ್ನದು. ದೋಹಾಕ್ಕೆ ಬಂದು ಒಂಬತ್ತು ವರ್ಷವಾಯಿತು, ಇಲ್ಲಿ ಯಾರೂ ಆ ಹೆಸರು ಹಿಡಿದು ಕರೆದಿಲ್ಲ. ಬಿಲ್ಡಿಂಗಿನಲ್ಲಿ ಗಾನವಿ ಮಮ್ಮಿ, ಆಫೀಸಿನ ಪಾರ್ಟಿಯಲ್ಲಿ ಮಿಸೆಸ್ ಗಿರಿಧರ್, ವೀಸಾದಲ್ಲಿ ‘ಗೃಹಿಣಿ, ಕೆಲಸಕ್ಕೆ ಅನುಮತಿ ಇಲ್ಲ’. ಮಂಡ್ಯದ ಹೈಸ್ಕೂಲಿನಲ್ಲಿ ಐದು ವರ್ಷ ವಿಜ್ಞಾನ ಹೇಳಿಕೊಟ್ಟವಳು ಈಗ ಬಿನ್ ಮಹಮೂದ್ ಬಡಾವಣೆಯ ಎರಡು ರೂಮಿನ ಫ್ಲ್ಯಾಟಿನಲ್ಲಿ ನೊಣ ಹೊಡೆಯುತ್ತಾ ಕೂತಿದ್ದೇನೆ.

ಬರೆಯೋಕೆ ಕಾರಣ ಇದೆ. ಇವತ್ತು ಸಂಜೆ ಏಳಕ್ಕೆ ಇಂಗ್ಲಿಷ್ ಚಾನೆಲ್ಲಿನಲ್ಲಿ ಸೌರಮಂಡಲದ ಸಾಕ್ಷ್ಯಚಿತ್ರ ಶುರುವಾಯಿತು. ಹನ್ನೊಂದು ಸೋಮವಾರ, ಹನ್ನೊಂದು ಕಂತು. ಇವತ್ತು ಸೂರ್ಯ. ಗಿರಿ ಹತ್ತು ನಿಮಿಷ ನೋಡಿ, ಸೂರ್ಯನನ್ನ ನೋಡೋಕೆ ಟೀವಿ ಯಾಕೆ, ಜುಲೈ ತಿಂಗಳಲ್ಲಿ ಸೈಟಿಗೆ ಬಾ ತೋರಿಸ್ತೀನಿ ಅಂತ ಎದ್ದುಹೋದರು. ಇಂಜಿನಿಯರಂತೆ.

ಉಳಿದವರು ನಾವು ನಾಲ್ಕು ಜನ. ನಾನು, ನಾಲ್ಕನೇ ಕ್ಲಾಸಿನ ಗಾನವಿ, ಮೇಲಿನ ಮನೆಯ ಐದು ವರ್ಷದ ರಶ್ಮಿತಾ, ಅವಳನ್ನ ನೋಡಿಕೊಳ್ಳೋ ಚೆನ್ನಕ್ಕ. ಮೇಲಿನ ಮನೆಯ ಅಮಿತಾ, ಯಜ್ಞೇಶ್ ಉಡುಪಿ ಕಡೆಯವರು, ಅಲ್ ಸದ್ದ್ ಬಡಾವಣೆಯಲ್ಲಿ ಬಟ್ಟೆ ಅಂಗಡಿ, ಇಬ್ಬರೂ ಬರೋದು ಹತ್ತು ಗಂಟೆಗೆ. ಅಲ್ಲೀವರೆಗೆ ಮನೆ, ಮಗು, ಅಡುಗೆ ಎಲ್ಲ ಚೆನ್ನಕ್ಕನದೇ. ನಲವತ್ತೈದು ವಯಸ್ಸು, ಮಲ್ಪೆ ಹತ್ತಿರದ ಮೀನುಗಾರರ ಮನೆಯವಳು, ಎರಡು ವರ್ಷದಿಂದ ಊರಿಗೆ ಹೋಗಿಲ್ಲ. ಇಂಗ್ಲಿಷ್ ಒಂದಕ್ಷರ ಬರೋದಿಲ್ಲ. ನಾನು ಸೋಫಾದ ತುದಿಯಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ, ಅವಳು ಬಾಯಿ ತೆರೆದುಕೊಂಡು ಕೇಳಿದಳು. ಹೋಗೋವಾಗ, ಬರುವ ಸೋಮವಾರ ಬರ್ತೇನೆ ಟೀಚರಕ್ಕ ಅಂದಳು. ನನಗಿಂತ ದೊಡ್ಡವಳು ಅಕ್ಕ ಅನ್ನೋದು ವಿಚಿತ್ರ, ಆದರೆ ಆ ‘ಟೀಚರ್’ ಕಿವಿಗೆ ಹಿತವಾಯಿತು. ಇಲ್ಲಿ ನನ್ನನ್ನ ಹಾಗೆ ಕರೆದವಳು ಅವಳೊಬ್ಬಳೇ.

೨೪ ಜನವರಿ, ಬುಧವಾರ

ಗಾನವಿ ಸ್ಕೂಲಿಗೆ ಹೋಗಿದ್ದೆ. ಪ್ರಿನ್ಸಿಪಾಲ್ ಎಡ್ನಾ ಮೇಡಂ ಮಂಗಳೂರಿನವರು, ಒಳಗೆ ಕರೆದು ಕೂರಿಸಿದರು. ಏಪ್ರಿಲ್‌ನಿಂದ ವಿಜ್ಞಾನಕ್ಕೆ ಒಂದು ಜಾಗ ಖಾಲಿ ಇದೆ. ನನ್ನ ಡಿಗ್ರಿ, ಸರ್ವೀಸು ಎಲ್ಲ ಸರಿ, ಆದರೆ ಒಂಬತ್ತು ವರ್ಷ ಏನು ಮಾಡ್ತಿದ್ದಿರಿ ಅಂತ ಆಡಳಿತ ಮಂಡಳಿಯವರು ಕೇಳ್ತಾರಂತೆ. ಏನಾದರೂ ಒಂದು ತೋರಿಸೋಕಿರಲಿ ಅಂದರು. ಏನು ತೋರಿಸಲಿ, ಉಪ್ಪಿನಕಾಯಿ ಜಾಡೀನಾ?

ಇನ್ನೊಂದು, ಎನ್‌ಒಸಿ. ಗಂಡನ ವೀಸಾದಲ್ಲಿ ಬಂದ ಹೆಂಗಸು ಕೆಲಸಕ್ಕೆ ಸೇರಬೇಕಾದರೆ ಗಂಡನ ಕಂಪನಿಯವರು ನಮ್ಮ ಅಭ್ಯಂತರ ಇಲ್ಲ ಅಂತ ಕಾಗದ ಕೊಡಬೇಕು. ಗಿರಿಗೆ ಹೇಳಿದೆ. ರಂಜಾನ್ ಮುಗೀಲಿ ಅಂದರು. ರಂಜಾನ್ ಶುರುವಾಗಿ ಮೂರು ದಿನ.

೫ ಫೆಬ್ರವರಿ, ಸೋಮವಾರ

ನಾಲ್ಕನೇ ಕಂತು, ಭೂಮಿ ಮತ್ತು ಚಂದ್ರ. ಒಳ್ಳೆ ಚಿತ್ರಗಳು. ಕೊನೆಯಲ್ಲಿ ಬಿದಿಗೆ ಚಂದ್ರನನ್ನ ತೋರಿಸಿದರು, ಎರಡು ಕೊಂಬೂ ಒಂದೇ ಪಕ್ಕಕ್ಕೆ, ನೆಟ್ಟಗೆ ನಿಂತದ್ದು. ಹುಟ್ಟಿದ ಚಂದ್ರ ಲೋಕದಲ್ಲಿ ಎಲ್ಲಿ ನಿಂತು ನೋಡಿದರೂ ಹೀಗೇ ಕಾಣಿಸುತ್ತಾನೆ ಅಂತ ಫಿಲ್ಮಿನ ನಿರೂಪಕ ಹೇಳಿದ, ನಾನು ಹಾಗೇ ಕನ್ನಡದಲ್ಲಿ ಹೇಳಿದೆ.

ಚೆನ್ನಕ್ಕ ನಕ್ಕಳು. “ಇದು ನಮ್ಮ ಚಂದ್ರ ಅಲ್ಲ ಟೀಚರಕ್ಕ. ನಮ್ಮದು ಈ ತಿಂಗಳಲ್ಲಿ ನಿಲ್ಲುದಿಲ್ಲ, ಮಲಗ್ತದೆ. ದೋಣಿ ಹಾಗೆ.”

ನನಗೆ ರೇಗಿತು. ಚಂದ್ರ ಊರಿಗೊಂದು ಇರುತ್ತಾ, ಓದಿದವರು ಸುಮ್ಮನೆ ಹೇಳ್ತಾರಾ, ಸುಮ್ನೆ ನೋಡು ಅಂದೆ. ಅವಳು ಟೀವಿ ಕಡೆ ತಿರುಗಿದಳು. ಆಮೇಲೆ ನನಗೇ ಒಂಥರಾ ಆಯಿತು. ಮಂಡ್ಯದಲ್ಲಿ ಬಿದಿಗೆ ಚಂದ್ರ ಹೇಗಿತ್ತು ಅಂತ ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಐದು ವರ್ಷ ಬೋರ್ಡಿನ ಮೇಲೆ ಬರೆದದ್ದಂತೂ ನಿಂತ ಚಂದ್ರನೇ, ಪುಸ್ತಕದಲ್ಲಿ ಇದ್ದ ಹಾಗೆ.

ಕಂತಿನ ಕೊನೆಯಲ್ಲಿ ಒಂದು ಪ್ರಕಟಣೆ. ವೀಕ್ಷಕರು ಅಭಿಪ್ರಾಯ ಬರೆದು ಕಳಿಸಬಹುದು, ಒಂದು ಪುಟ ಮೀರಬಾರದು, ಹೆಸರು ಮತ್ತು ಪಿ.ಒ. ಬಾಕ್ಸ್ ಇರಬೇಕು. ಆರಿಸಿದ ಪತ್ರಗಳನ್ನ ಕೊನೇ ಕಂತಿನಲ್ಲಿ ಓದ್ತಾರೆ.

೯ ಫೆಬ್ರವರಿ, ಶುಕ್ರವಾರ

ಗಿರಿ ಎದ್ದರು, ತಿಂದರು, ಮಲಗಿದರು, ಎದ್ದರು, ತಿಂದರು. ಎನ್‌ಒಸಿ ಅಂದೆ. ಈದ್ ಆಗಲಿ ಅಂದರು.

೨೦ ಫೆಬ್ರವರಿ, ಮಂಗಳವಾರ

ಈದ್ ರಜೆ. ಸಂಜೆ ಚೆನ್ನಕ್ಕ ಕೆಳಗೆ ಓಡಿ ಬಂದು ಬಾಗಿಲು ಬಡಿದಳು, ಟೆರೇಸಿಗೆ ಬನ್ನಿ ಟೀಚರಕ್ಕ, ಬೇಗ ಬನ್ನಿ ಅಂತ. ಗಾನವಿಯನ್ನೂ ಎಳೆದುಕೊಂಡು ಹತ್ತಿದೆ. ನೀರಿನ ಟ್ಯಾಂಕು, ಡಿಶ್ಶು, ಒಣಗಿದ ಬಟ್ಟೆ ದಾಟಿ ಪಡುವಣದ ಕಟ್ಟೆಯ ಹತ್ತಿರ ಹೋದರೆ, ಅಲ್ಲಿತ್ತು. ಅಡ್ಡಡ್ಡ ಮಲಗಿತ್ತು. ಎರಡು ಕೊಂಬೂ ಮೇಲಕ್ಕೆ, ಹೊಟ್ಟೆ ಕೆಳಕ್ಕೆ. ಅದರ ಮೇಲೆ ಎತ್ತರದಲ್ಲಿ ಶುಕ್ರ.

ನಾನು ಬಾಯಿಬಿಟ್ಟುಕೊಂಡು ನಿಂತೆ. ಒಂಬತ್ತು ವರ್ಷದಿಂದ ಈ ಟೆರೇಸಿನಲ್ಲಿ ಬಟ್ಟೆ ಒಣಹಾಕ್ತಿದ್ದೇನೆ, ಒಂದು ದಿನ ತಲೆ ಎತ್ತಿ ನೋಡಿಲ್ಲ.

ಚೆನ್ನಕ್ಕ ಅವಳ ಅಪ್ಪ ಹೇಳಿದ್ದನ್ನ ಹೇಳಿದಳು. ಮಳೆಗಾಲ ಮುಗಿದ ಮೇಲೆ ಚಂದ್ರ ಓರೆಯಾಗಿರ್ತದೆ, ಕುಂಭ ತಿಂಗಳ ಹೊತ್ತಿಗೆ, ಅಂದ್ರೆ ಈಗ, ಮಲಗ್ತದೆ, ಅದರ ಓರೆ ನೋಡಿ ಅವರು ತಿಂಗಳು ಹೇಳ್ತಿದ್ದರಂತೆ. ಅಪ್ಪ ಒಂದು ದಿನ ಸಮುದ್ರಕ್ಕೆ ಹೋದವರು ವಾಪಸ್ ಬರಲಿಲ್ಲ, ಅವಳಿಗೆ ಆಗ ಹದಿನಾಲ್ಕು. ಒಂದು ಫೋಟೋ ಕೂಡ ಇಲ್ಲ. ನಾನು ಈ ವಿಷಯ ಟೀವಿಯವರಿಗೆ ಬರೀತೀನಿ ಅಂದೆ. ಅವಳು ಸೆರಗಿನಿಂದ ಕಟ್ಟೆ ಮೇಲಿನ ಧೂಳು ಒರೆಸಿದಳು.

“ಬರೆಯುವಾಗ ಅಪ್ಪನ ಹೆಸರು ಹಾಕ್ತೀರಾ ಟೀಚರಕ್ಕ? ಸೀನ ಮರಕಾಲ ಅಂತ. ಅವರ ಹೆಸರು ಬರ್ದದ್ದು ಲೋಕದಲ್ಲಿ ಒಂದೇ ಕಡೆ, ನನ್ನ ಪಾಸ್‌ಪೋರ್ಟಲ್ಲಿ. ಅದು ಯಜ್ಞೇಶಣ್ಣನ ಬೀರುವಿನಲ್ಲಿ ಉಂಟು.”

ಆಯ್ತು, ಖಂಡಿತ ಹಾಕ್ತೀನಿ ಅಂದೆ. ಪಾಪ, ಅಷ್ಟಾದರೂ ಮಾಡದಿದ್ದರೆ ಹೇಗೆ.

ಮನೆಗೆ ಬಂದು ಗಾನವಿಯ ಗ್ಲೋಬು, ಟಾರ್ಚು, ಒಂದು ಕಿತ್ತಳೆಹಣ್ಣು ಇಟ್ಟುಕೊಂಡು ಕೂತೆ. ದೋಹಾದ ಮೇಲೆ ಒಂದು ಗುಂಡುಪಿನ್ನು, ಫಿಲ್ಮು ತೆಗೆದವರ ಊರು ಲಂಡನ್ನಿನ ಮೇಲೆ ಒಂದು. ಹೊಳೆಯಿತು. ಸಮಭಾಜಕಕ್ಕೆ ಹತ್ತಿರ ಇರೋ ನಮ್ಮಲ್ಲಿ ಸೂರ್ಯ ನೆಟ್ಟಗೆ ಕೆಳಕ್ಕೆ ಇಳೀತಾನೆ, ಅದಕ್ಕೆ ಚಂದ್ರನ ಕೆಳಭಾಗ ಬೆಳಗುತ್ತೆ. ಅವರ ಚಳಿ ದೇಶದಲ್ಲಿ ಸೂರ್ಯ ಓರೆಯಾಗಿ ಜಾರ್ತಾನೆ, ಅದಕ್ಕೆ ಪಕ್ಕ ಬೆಳಗುತ್ತೆ. ಫಿಲ್ಮಿನವರು ತಮ್ಮ ಕಿಟಕಿಯಲ್ಲಿ ಕಂಡ ಚಂದ್ರನನ್ನೇ ಲೋಕಕ್ಕೆಲ್ಲ ಹಂಚಿಬಿಟ್ಟಿದ್ದಾರೆ. ಹಿಟ್ಟು ಕಲಸೋದು ಮರೆತೇಹೋಯಿತು. ಗಿರಿಗೆ ಅನ್ನ, ಮೊಸರು ಹಾಕಿದೆ, ಗೊಣಗಿದರು. ಗೊಣಗಲಿ. ಎಷ್ಟು ವರ್ಷದ ಮೇಲೆ ನನ್ನ ತಲೆ ಓಡ್ತಿದೆ.

೨೩ ಫೆಬ್ರವರಿ, ಶುಕ್ರವಾರ

ಪತ್ರ ಬರೆದೆ. ನಾಲ್ಕು ಪ್ರತಿ ಆಯಿತು. ಮೊದಲನೆಯದರಲ್ಲಿ ‘ನಮ್ಮ ಕಟ್ಟಡದ ಚೆನ್ನು ಎಂಬ ಮಹಿಳೆ, ಮಲ್ಪೆಯ ಸೀನ ಮರಕಾಲ ಎಂಬ ಮೀನುಗಾರರ ಮಗಳು’ ಅಂತ ಶುರು ಮಾಡಿದ್ದೆ, ಒಂದೂವರೆ ಪುಟ ಆಗಿಹೋಯಿತು. ಎರಡನೆಯದರಲ್ಲಿ ‘ಕರಾವಳಿಯ ಮೀನುಗಾರರ ತಿಳಿವಳಿಕೆಯ ಪ್ರಕಾರ’ ಅಂತ ಮಾಡಿದೆ. ವಿಜ್ಞಾನದ ಪತ್ರದಲ್ಲಿ ಅದು ಕಟ್ಟುಕಥೆ ಥರ ಕಾಣಿಸಿತು. ಮೂರನೆಯದರಲ್ಲಿ ‘ಪರಿಚಿತರೊಬ್ಬರು ಗಮನಕ್ಕೆ ತಂದಂತೆ’. ನಾಲ್ಕನೆಯದರಲ್ಲಿ ‘ನಾನು ಗಮನಿಸಿದಂತೆ’. ಅದೇ ಚೊಕ್ಕವಾಗಿ ಕೂತಿತು. ಅಕ್ಷಾಂಶದ ವಿವರಣೆಗೆ, ಗ್ಲೋಬಿನ ಚಿತ್ರಕ್ಕೆ ಜಾಗ ಬೇಕಲ್ಲ, ಒಂದು ಪುಟ ಅಂದರೆ ಒಂದು ಪುಟ. ಕೆಳಗೆ ಪೂರ್ತಿ ಹೆಸರು, ಡಿಗ್ರಿ ಸಮೇತ ಸಹಿ ಹಾಕಿದೆ.

ಎಡ್ನಾ ಮೇಡಂಗೆ ಫೋನ್ ಮಾಡಿ ಹೇಳಿದೆ. ಟೀವಿಯಲ್ಲಿ ನಿಮ್ಮ ಪತ್ರ ಓದಿದರೆ ನಾನು ಮಂಡಳಿಯವರ ಮುಂದೆ ಬೇರೇನೂ ಹೇಳೋದೇ ಬೇಡ ಅಂದರು.

೨೬ ಫೆಬ್ರವರಿ, ಸೋಮವಾರ

ಶನಿಯ ಕಂತು. ರಶ್ಮಿತಾಳನ್ನ ಕಳಿಸಲಿಲ್ಲ. ಯಜ್ಞೇಶ್‌ಗೆ ಸಾಡೇಸಾತಿ ನಡೀತಿದೆಯಂತೆ, ಮನೆಯವರು ಯಾರೂ ಶನಿಯನ್ನ ಅಷ್ಟು ಹತ್ತಿರದಿಂದ ನೋಡಬಾರದಂತೆ. ರಾಹು, ಕೇತು ಯಾವ ವಾರ ಬರ್ತಾವೆ, ಅವತ್ತೂ ಕಳಿಸಲ್ಲ ಅಂತ ಅಮಿತಾ ಮೆಟ್ಟಿಲ ಮೇಲೆ ಕೇಳಿದಳು. ಅವು ಬರಲ್ಲ ಅಂದೆ. ಒಂಬತ್ತೂ ತೋರಿಸದೆ ಅದೆಂಥಾ ಪ್ರೋಗ್ರಾಂ ಅಂತ ಮುಖ ಸಿಂಡರಿಸಿದಳು. ಅಂಗಡಿ ನಡೆಸೋಕೆ ಬುದ್ಧಿ ಇದೆ, ಇದಕ್ಕಿಲ್ಲ.

ಚೆನ್ನಕ್ಕ ಮಗು ಮಲಗಿಸಿ ಒಬ್ಬಳೇ ಬಂದಳು. ಪತ್ರ ಬರೆದಾಯ್ತಾ ಅಂತ ಕೇಳಿದಳು. ಆಯ್ತು ಅಂದೆ. ಹೆಸರು ಅಂದಳು. ಶನಿಯ ಬಳೆಗಳ ವಿಷಯ ಬರ್ತಿತ್ತು, ಅದನ್ನ ವಿವರಿಸೋಕೆ ಶುರು ಮಾಡಿದೆ.

೨೮ ಫೆಬ್ರವರಿ, ಬುಧವಾರ

ಗಿರಿ ಪತ್ರ ತಗೊಂಡು ಹೋದರು. ಅವರ ಆಫೀಸಿನ ಸೆಕ್ರೆಟರಿ ಲೆಸ್ಲಿ ಟೈಪ್ ಮಾಡಿ ಕಂಪನಿ ಪಿ.ಒ. ಬಾಕ್ಸ್ ಹಾಕಿ ಕಳಿಸ್ತಾನೆ. ಈ ಊರಲ್ಲಿ ಮನೆಗೆ ಪೋಸ್ಟ್ ಬರೋದಿಲ್ಲ, ಬಾಕ್ಸ್ ಇಲ್ಲದವರಿಗೆ ವಿಳಾಸವೇ ಇಲ್ಲ. ಕೈಬರಹವೇ ಇರಲಿ ಅಂದೆ. ಟೈಪ್ ಆದರೆ ತೂಕ ಬರುತ್ತೆ ಅಂದರು. ನನ್ನ ಕೆಲಸಕ್ಕೆ ಇಷ್ಟು ಆಸಕ್ತಿ ತೋರಿಸಿದ್ದು ಇದೇ ಮೊದಲು, ಸಂತೋಷವಾಯಿತು.

೧೭ ಮಾರ್ಚ್, ಭಾನುವಾರ

ಪತ್ರ ಆಯ್ಕೆಯಾಗಿದೆ. ಗಿರಿಯ ಆಫೀಸಿಗೆ ಕಾಗದ ಬಂದಿದೆ, ಅಲ್ಲೇ ಮರೆತು ಬಂದರಂತೆ. ಇರಲಿ. ಪಾಯಸ ಮಾಡಿದೆ. ಎಡ್ನಾ ಮೇಡಂಗೆ ಹೇಳಿದೆ, ಮಂಡ್ಯಕ್ಕೆ ಅಣ್ಣನಿಗೆ ಫೋನ್ ಮಾಡಿದೆ, ಇಲ್ಲಿನ ಕನ್ನಡ ಸಂಘದ ಅಧ್ಯಕ್ಷರು ವೆಂಕಟರಾಮು ಅವರಿಗೆ ಹೇಳಿದೆ. ಇಡೀ ಬಿಲ್ಡಿಂಗಿಗೆ ಹೇಳಿದೆ. ಚೆನ್ನು ಪಾಯಸದ ಲೋಟ ಹಿಡಕೊಂಡು ಕಣ್ಣು ಒರೆಸಿಕೊಂಡಳು. ಇವಳಿಗೇನಾಯಿತು ಅಂದುಕೊಂಡೆ.

೨೫ ಮಾರ್ಚ್, ಸೋಮವಾರ

ಇವತ್ತಿನದನ್ನ ಇವತ್ತೇ ಬರೀತೀನಿ.

ಅಮಿತಾ, ಯಜ್ಞೇಶ್ ಅಂಗಡಿ ಬೇಗ ಮುಚ್ಚಿ ಬಂದಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಕೂತಿದ್ದೆ, ಯಾವ ಕರ್ಮಕ್ಕೋ. ಧೂಮಕೇತುಗಳ ವಿಷಯ ಮುಗಿದ ಮೇಲೆ ಪತ್ರಗಳು. ಮೂರನೆಯದು ನನ್ನದು. ನನ್ನ ಒಂದೊಂದು ಮಾತೂ ಪತ್ರ ಓದೋ ಇಂಗ್ಲಿಷ್ ಹೆಂಗಸಿನ ಬಾಯಲ್ಲಿ ಬಂತು, ಗ್ಲೋಬಿನ ಚಿತ್ರ ಕೂಡ ತೋರಿಸಿದರು. ಬಹಳ ಸೂಕ್ಷ್ಮವಾದ ಅವಲೋಕನ ಅಂದಳು. ಆಮೇಲೆ, ಇದನ್ನು ಬರೆದವರು ದೋಹಾದ ಇಂಜಿನಿಯರ್ ಮಿಸ್ಟರ್ ಗಿರಿಧರ್ ಅಂದಳು.

ಎಲ್ಲರೂ ಗಿರಿ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಯಜ್ಞೇಶ್ ಎದ್ದು ಕೈ ಕುಲುಕಿದರು. ಗಿರಿ ನೆಲ ನೋಡಿ ನಕ್ಕರು, ಇಲ್ಲ ಅನ್ನಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಚೆನ್ನು ಹಿಂದೆಯೇ ಬಂದಳು. “ಅಪ್ಪನ ಹೆಸರು ಬಂತಾ ಟೀಚರಕ್ಕ? ಇಂಗ್ಲಿಷ್ ನನಗೆ ಗೊತ್ತಾಗುದಿಲ್ಲ, ಅದೊಂದು ಶಬ್ದಕ್ಕೆ ಕಿವಿ ಕೊಟ್ಟು ಕೂತಿದ್ದೆ. ನನಗೆ ಕೇಳ್ಲಿಲ್ಲ.”

ನನ್ನದೇ ನನಗೆ ಸಾಕಾಗಿರೋವಾಗ ಇವಳದೊಂದು. ಅವರು ಕತ್ತರಿಸಿದ್ದಾರೆ ಅಂದೆ. ನಿಮ್ಮದನ್ನೂ ಕತ್ತರಿಸಿದರು, ಅಪ್ಪನದ್ದನ್ನೂ ಕತ್ತರಿಸಿದರು, ಹೋಗ್ಲಿ ಬಿಡಿ ಅಂತ ನನ್ನ ಬೆನ್ನು ಸವರಿದಳು. ಅವಳ ಕೈಗೆ ಮೀನಿನ ವಾಸನೆ ಇತ್ತು. ನಾನು ಸರಿದು ನಿಂತೆ.

೨೬ ಮಾರ್ಚ್, ಮಂಗಳವಾರ

ಜಗಳ. ನಾನು ಕೂಗಿದೆ, ಗಾನವಿ ಎದುರಿಗೇ. ಗಿರಿ ತಣ್ಣಗೆ ಉತ್ತರ ಕೊಟ್ಟರು, ಅದೇ ಹೆಚ್ಚು ಉರಿಸಿತು. ಬಾಕ್ಸ್ ಕಂಪನಿಯದು, ಉದ್ಯೋಗಿಗಳಲ್ಲದವರ ಹೆಸರಿಗೆ ಕಾಗದ ಬಂದರೆ ಪೋಸ್ಟ್ ತರೋ ಮಂದೂಬ್ ಅಲ್ಲೇ ವಾಪಸ್ ಹಾಕ್ತಾನೆ, ಹಾಗಾಗಿ ಲೆಸ್ಲಿ ಹತ್ತಿರ ತಮ್ಮ ಹೆಸರು ಹಾಕಿಸಿದರಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನೀನು ರಂಪ ಮಾಡ್ತೀಯ ಅಂತ ಗೊತ್ತಿತ್ತು ಅಂದರು.

“ಬರೆದವಳು ನೀನೇ, ನಾನು ಇಲ್ಲ ಅಂದ್ನಾ? ಆದ್ರೆ ಕಳಿಸಿದ್ದು ನಾನಲ್ವಾ? ಒಂದು ಹೆಸರಿಗೆ ಇಷ್ಟೊಂದಾ?”

ಒಂದು ಹೆಸರು. ಒಬ್ಬರ ತಲೆಯಲ್ಲಿ ಹುಟ್ಟಿದ್ದನ್ನ ಇನ್ನೊಬ್ಬರು ತಮ್ಮದು ಅಂತ ಹೇಳಿಕೊಂಡು ತಿರುಗೋದು ಕಳ್ಳತನ ಅಂತ ಈ ಮನುಷ್ಯನಿಗೆ ಅನಿಸೋದೇ ಇಲ್ಲವಲ್ಲ. ಬೀರು ಒಡೆದು ಒಡವೆ ತಗೊಂಡು ಹೋದವನ ಮೇಲಾದರೂ ನನಗೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಇವರಿಗೆ ನಾನು ಏನು ಅಂತ ಇವತ್ತು ಗೊತ್ತಾಯಿತು.

೨೭ ಮಾರ್ಚ್

ಮಾತಿಲ್ಲ.

೨೮ ಮಾರ್ಚ್

ಮಾತಿಲ್ಲ. ಎಡ್ನಾ ಮೇಡಂ ಫೋನ್ ಮಾಡಿ, ಪತ್ರ ನಿಮ್ಮದಲ್ಲವಾ ಅಂತ ಕೇಳಿದರು. ನಾಚಿಕೆಯಿಂದ ಸತ್ತೆ.

೩೧ ಮಾರ್ಚ್, ಭಾನುವಾರ

ಗಿರಿ ಆಫೀಸಿನಲ್ಲಿ ಹೀರೋ. ಅರಬ್ಬಿ ಬಾಸು ಟೀವಿ ನೋಡಿದ್ದಾನೆ, ಇವರನ್ನ ಚಂದ್ರನ ಇಂಜಿನಿಯರ್ ಅಂತ ಕರೀತಾನಂತೆ, ತನ್ನ ರೂಮಿನ ದಿವಾನದ ಮೇಲೆ ಕೂರಿಸಿಕೊಂಡು ಅರಬ್ಬಿ ಕಾಫಿ ಖಾವಾ ಕುಡಿಸಿದನಂತೆ. ಅದನ್ನ ಹೇಳೋವಾಗ ಗಿರಿಯ ಮುಖ ಒಣಗಿತ್ತು. ಕೈ ಹಿಡಿದು ತಪ್ಪಾಯ್ತು ಅಂದರು.

ನಾನು ಎರಡು ಮಾತು ಹೇಳಿದೆ. ಒಂದು, ನಾಳೆಯೇ ಬಾಸ್ ಹತ್ತಿರ ಎನ್‌ಒಸಿ ಕೇಳಬೇಕು. ಎರಡು, ಶುಕ್ರವಾರ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಎಲ್ಲರ ಮುಂದೆ ಪತ್ರ ಯಾರದು ಅಂತ ಹೇಳಬೇಕು. ನಾಲ್ಕು ಗೋಡೆ ಮಧ್ಯೆ ಕೇಳೋ ಕ್ಷಮೆ ನನಗೆ ಬೇಡ. ಕದ್ದದ್ದು ಎಲ್ಲರೆದುರಿಗೆ, ವಾಪಸ್ ಕೊಡೋದೂ ಎಲ್ಲರೆದುರಿಗೆ ಆಗಬೇಕು.

೨ ಏಪ್ರಿಲ್, ಮಂಗಳವಾರ

ಎನ್‌ಒಸಿ ಬಂತು. ಚಂದ್ರನ ಇಂಜಿನಿಯರ್‌ನ ಹೆಂಡತಿಗೆ ಇಲ್ಲ ಅನ್ನೋಕಾಗುತ್ತಾ ಅಂತ ಬಾಸು ನಗುತ್ತಾ ಸಹಿ ಹಾಕಿದನಂತೆ. ಕಾಗದ ಕೈಯಲ್ಲಿ ಹಿಡಿದು ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮೆಟ್ಟಿಲ ಮೇಲೆ ಚೆನ್ನು ಸಿಕ್ಕಳು. ಶುಕ್ರವಾರ ನೀವು ಮಾತಾಡ್ತೀರಂತೆ, ಕನ್ನಡದಲ್ಲಾ ಅಂತ ಕೇಳಿದಳು. ಹೌದು ಅಂದೆ. ಹಾಗಾದ್ರೆ ನನಗೂ ಗೊತ್ತಾಗ್ತದೆ ಅಂತ ಖುಷಿಯಾಗಿ ಮೇಲೆ ಹೋದಳು.

೫ ಏಪ್ರಿಲ್, ಶುಕ್ರವಾರ

ಆಯಿತು. ಗೆದ್ದೆ.

ಅಲ್ ರಯ್ಯಾನಿನಲ್ಲಿ ಒಬ್ಬರ ವಿಲ್ಲಾದ ಅಂಗಳದಲ್ಲಿ ಶಾಮಿಯಾನ, ಇನ್ನೂರು ಜನ. ಬೇವು ಬೆಲ್ಲ, ಹೋಳಿಗೆ, ಮಕ್ಕಳ ಡ್ಯಾನ್ಸು. ವೆಂಕಟರಾಮು ಅವರು ನಮ್ಮ ಸಂಘದ ಹೆಮ್ಮೆಯ ಗಿರಿಧರ್ ಅಂತ ಶಾಲು ಹಿಡಿದುಕೊಂಡು ಕರೆದರು. ಗಿರಿ ಮೈಕ್ ಮುಂದೆ ನಿಂತರು. ಈ ಪತ್ರ ನಾನು ಬರೆದದ್ದಲ್ಲ, ನನ್ನ ಹೆಂಡತಿ ವಿಜಯಮ್ಮ ಬರೆದದ್ದು, ನಾನು ನನ್ನ ಹೆಸರು ಹಾಕಿ ಕಳಿಸಿದೆ, ಅದು ತಪ್ಪು ಅಂದರು. ಆಮೇಲೆ ಬಿದ್ದಂಥ ಚಪ್ಪಾಳೆ ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಶಾಲು ನನಗೆ ಹಾಕಿದರು. ಮೊದಲ ಸಲ ಈ ಊರಲ್ಲಿ ನನ್ನ ಹೆಸರನ್ನ ಇನ್ನೂರು ಜನ ಕೇಳಿದರು. ಗಿರಿಯನ್ನ ಕ್ಷಮಿಸಿದೆ, ನಿಜವಾಗಿ.

ಹತ್ತು ನಿಮಿಷ ಮಾತಾಡಿದೆ. ಈದ್ ರಜೆಯ ಸಂಜೆ ಟೆರೇಸಿಗೆ ಹೋದದ್ದು, ಮಲಗಿದ ಚಂದ್ರನನ್ನ ನೋಡಿದ್ದು, ಗ್ಲೋಬಿನ ಮೇಲೆ ಗುಂಡುಪಿನ್ನು ಚುಚ್ಚಿ ಲೆಕ್ಕ ಹಾಕಿದ್ದು. ಚಂದ್ರನ ಓರೆ ನೋಡಿ ತಿಂಗಳು ಹೇಳಬಹುದು ಅಂದಾಗ ಹಿರಿಯರೆಲ್ಲ ತಲೆದೂಗಿದರು. ಕೊನೆಯಲ್ಲಿ ಎಲ್ಲರಿಗೂ ವಂದನೆ ಹೇಳಿದೆ. ಗಿರಿಗೆ, ಎಡ್ನಾ ಮೇಡಂಗೆ, ವೆಂಕಟರಾಮು ಅವರಿಗೆ, ಟೈಪ್ ಮಾಡಿದ ಲೆಸ್ಲಿಗೆ, ಗ್ಲೋಬು ಕೊಟ್ಟ ಗಾನವಿಗೆ, ಶಾಮಿಯಾನ ಹಾಕಿಸಿದವರಿಗೆ, ಅಡುಗೆಯವರಿಗೆ. ಯಾರ ಹೆಸರನ್ನೂ ಬಿಡಲಿಲ್ಲ.

ಚೆನ್ನು ಹಿಂದಿನ ಸಾಲಿನಲ್ಲಿ ರಶ್ಮಿತಾಳನ್ನ ತೊಡೆ ಮೇಲೆ ಕೂರಿಸಿಕೊಂಡು ಮುಂದಕ್ಕೆ ಬಗ್ಗಿ ಕೇಳ್ತಾ ಇದ್ದಳು. ನಾನು ಕೆಳಗಿಳಿದು ನೋಡೋವಾಗ ಕುರ್ಚಿ ಖಾಲಿ. ಮಗುವಿಗೆ ನಿದ್ದೆ ಬಂತು ಅಂತ ಕಾರಿನಲ್ಲಿ ಹೋಗಿ ಕೂತಿದ್ದಾಳೆ, ಹೋಳಿಗೆ ಕೂಡ ತಿನ್ನಲಿಲ್ಲ ಅಂದಳು ಅಮಿತಾ.

೬ ಏಪ್ರಿಲ್, ಶನಿವಾರ

ಗಾನವಿ ತನ್ನ ಮುರುಕು ಕನ್ನಡದಲ್ಲಿ ಬೆಳಗ್ಗೆಯೇ ತಲೆ ತಿಂದಳು. “ಅಮ್ಮ, ಮೂನ್ ಸ್ಲೀಪಿಂಗ್ ಅಂತ ಫಸ್ಟ್ ಹೇಳಿದ್ದು ಚೆನ್ನು ಆಂಟಿ ಅಲ್ವಾ?”

ಹೇಳಿದ್ದು ಅವಳೇ, ಇಲ್ಲ ಅಂದ್ನಾ, ಆದ್ರೆ ಬರೆದಿದ್ದು ನಾನಲ್ವಾ ಅಂದೆ. ಎಲ್ಲರಿಗೂ ಕಾಣೋದನ್ನ ಹೇಳೋದು ಬೇರೆ, ಯಾಕೆ ಹಾಗೆ ಅಂತ ಕಂಡುಹಿಡಿ­ಯೋದು ಬೇರೆ. ಮಕ್ಕಳಿಗೆ ಇದೆಲ್ಲ ಅರ್ಥವಾಗೋದಿಲ್ಲ. ಗಿರಿ ಪೇಪರ್ ಓದ್ತಾ ಇದ್ದವರು ತಲೆ ಎತ್ತಿ ನನ್ನ ಮುಖ ನೋಡಿದರು. ಏನು ಅಂದೆ. ಏನಿಲ್ಲ ಅಂದರು.

೧೪ ಏಪ್ರಿಲ್, ಭಾನುವಾರ

ಸ್ಕೂಲಿನಲ್ಲಿ ಮೊದಲ ದಿನ. ಹೊಸ ಕೆಂಪು ಪೆನ್ನು, ಹಾಜರಿ ಪುಸ್ತಕ, ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಬರೆದ ಒಂದು ಕಪಾಟು. ಮೊದಲ ಪಾಠ ಚಂದ್ರ. ಹಿಂದಿನ ಬೆಂಚಿನ ಹುಡುಗಿ ಇದನ್ನ ಯಾರು ಕಂಡುಹಿಡಿದರು ಮಿಸ್ ಅಂತ ಕೇಳಿದಳು. ನಾನು ಅಂದೆ. ಕ್ಲಾಸಿಗೆ ಕ್ಲಾಸೇ ಕಣ್ಣರಳಿಸಿ ನೋಡಿತು.

ವಾಪಸ್ ಬರೋವಾಗ ಅಮಿತಾ ಮನೆ ಕೆಲಸದವಳು ಕಸದ ಚೀಲ ಹಿಡಕೊಂಡು ಇಳೀತಿದ್ದಳು. ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ದಾರಿ ಬಿಟ್ಟಳು. ಈಚೆಗೆ ಯಾಕೆ ಕೆಳಗೆ ಬರೋದೇ ಇಲ್ಲ ಅಂದೆ. ಕೆಲಸ ಉಂಟು ಮೇಡಂ ಅಂದಳು. ಮೊದಲೆಲ್ಲ ಅಕ್ಕ ಅಂತಿದ್ದಳು. ಈಗ ಎಲ್ಲಿ ಹೇಗೆ ಕರೀಬೇಕು ಅಂತ ಕಲಿತಿದ್ದಾಳೆ, ಒಳ್ಳೆಯದೇ.

೨೨ ಏಪ್ರಿಲ್, ಸೋಮವಾರ

ಗಾನವಿ ಈಗ ಐದನೇ ಕ್ಲಾಸು, ಆ ಕ್ಲಾಸಿನ ನೋಟ್‌ಬುಕ್ಕುಗಳೂ ನನ್ನ ತಲೆಗೇ. ನಲವತ್ತೊಂದು. ವಿಷಯ, ‘ನಾನು ನೋಡಿದ ಆಕಾಶ’. ಹೆಚ್ಚಿನವರು ಪುಸ್ತಕ ನೋಡಿ ಬರೆದಿದ್ದಾರೆ. ಗಾನವಿಯದು ಪರವಾಗಿಲ್ಲ, ದೋಣಿಯ ಹಾಗೆ ಮಲಗಿದ ಚಂದ್ರನ ಚಿತ್ರ ಬಿಡಿಸಿದ್ದಾಳೆ, ನೀರಿನ ಟ್ಯಾಂಕೂ ಇದೆ. ಆದರೆ ಕೊನೆಯಲ್ಲಿ ಇನ್ನೆರಡು ಸಾಲು ಸೇರಿಸಿದ್ದಾಳೆ. ಇದನ್ನು ನಮಗೆ ತೋರಿಸಿದವರು ಚೆನ್ನು ಆಂಟಿ, ಅವರಿಗೆ ತೋರಿಸಿದವರು ಅವರ ತಂದೆ ಮಿಸ್ಟರ್ ಸೀನ ಮರಕಾಲ. ಅವರ ಹೆಸರನ್ನು ಎಲ್ಲಾದರೂ ಬರೆಯಬೇಕು ಅಂತ ಆಂಟಿಗೆ ಆಸೆ, ಅದಕ್ಕೆ ನಾನು ಇಲ್ಲಿ ಬರೆದಿದ್ದೇನೆ.

ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿದೆ, ಮೇಲೆ ಹೋಗಿ ಕೇಳಿಕೊಂಡು ಬಂದಿರಬೇಕು. ಕೇಳಿದ್ದು ಆಕಾಶದ ಬಗ್ಗೆ, ಯಾರ ಮನೆಯ ಕಥೆಯನ್ನೂ ಅಲ್ಲ. ಎರಡು ಸಾಲಿಗೂ ಅಡ್ಡ ಗೆರೆ ಹೊಡೆದು, ಪಕ್ಕದಲ್ಲಿ ‘ಅನಗತ್ಯ’ ಅಂತ ಬರೆದೆ. ಹತ್ತಕ್ಕೆ ಏಳು. ಮಗಳು ಅಂತ ಅರ್ಧ ಅಂಕವನ್ನೂ ಹೆಚ್ಚು ಕೊಡಲಿಲ್ಲ.

ಸ್ಕೂಲಿನವರು ಕೊಟ್ಟ ಪೆನ್ನು ಚೆನ್ನಾಗಿ ಬರೆಯುತ್ತೆ.